ಬೂದಿಗುಡ್ಡದ ಗುನುಗು

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಹೊಳಲ್ಕೆರೆಯ ನಮ್ಮ ಮನೆಗೆ ಬಂದು ಹೋಗುತ್ತಾರೆ. ಕುಂತು ಟೀ ಕುಡಿಯುವಷ್ಟರಲ್ಲಿ ಅವರ ಬಾಯಿಗೆ ಬರುವ ಮಾತು ಒಂದೇ. "ಮೇಡಂ, ನಿಮ್ಮ ಸರ್ವೀಸಲ್ಲಿ ಎಲ್ಲಕ್ಕಿಂತ ದೊಡ್ಡ ಬೇಟೆ ಯಾವ್ದು?" ಬೇಟೆ ಅಂದರೆ ಅವರ ಲೆಕ್ಕದಲ್ಲಿ ಬೋನು, ಬಲೆ, ಅರಿವಳಿಕೆ ಬಂದೂಕು, ಊರಿಗೆ ಬಂದ ಪ್ರಾಣಿಯನ್ನು ಜೀವಂತ ಹಿಡಿದು ದೂರದ ಕಾಡಿಗೆ ಬಿಟ್ಟು ಬರುವುದು. ಗುಂಡು ಹೊಡೆದು ಮೀಸೆ ತಿರುವುವ ಬೇಟೆ ನಮ್ಮಪ್ಪನ ಕಾಲಕ್ಕೇ ನಿಂತುಹೋಗಿತ್ತು. ಆದರೂ ಹೆಜ್ಜೆ ಹುಡುಕುವುದು, ಉಸಿರು ಬಿಗಿಹಿಡಿದು ಕಾಯುವುದು, ಹೆದರುವುದು, ಇವೆಲ್ಲ ಹಾಗೇ ಉಳಿದಿವೆ. ಅದಕ್ಕೇ ಅವರ ಮಾತನ್ನು ನಾನು ತಿದ್ದಲು ಹೋಗುವುದಿಲ್ಲ.

ಅಪ್ಪ ಇಲಾಖೆಯಲ್ಲಿ ಗಾರ್ಡ್ ಆಗಿದ್ದಾಗಲೇ ತೀರಿಕೊಂಡರು. ಅನುಕಂಪದ ಮೇಲೆ ಆ ಕೆಲಸ ನನಗೆ ಬಂತು. ಹೆಂಗಸು ಕಾಡು ಕಾಯುತ್ತಾಳೆ ಅಂತ ಜನ ಮೊದಮೊದಲು ನಕ್ಕರು, ಆಮೇಲೆ ಗಾರ್ಡಮ್ಮ ಅಂತ ಕರೆಯತೊಡಗಿದರು. ಮುಂದೆ ಫಾರೆಸ್ಟರ್ ಆದೆ. ಆದರೂ ರಾಮಗಿರಿಯಿಂದ ಶ್ರೀರಾಂಪುರದ ತನಕ ಗುಡ್ಡದ ಕೆಳಗಿನ ಹಟ್ಟಿಗಳ ಪಾಲಿಗೆ ಕೊನೆಯವರೆಗೂ ಗಾರ್ಡಮ್ಮನೇ.

ನಮ್ಮ ಕೆಲಸದಲ್ಲಿ ನಗುವಂಥದ್ದೂ ಇರುತ್ತದೆ. ಶ್ರೀರಾಂಪುರದ ಹತ್ತಿರ ಒಂದು ಚಿರತೆ ದಿನಾ ನಾಯಿ ಹೊತ್ತುಕೊಂಡು ಹೋಗುತ್ತಿತ್ತು. ಬೋನು ಇಟ್ಟೆವು. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ನೋಡಲು ಬಂದರು. ಬಾಗಿಲು ಬೀಳುವುದು ಹೇಗೆ ಅಂತ ನಮಗೆ ತಿಳಿಸಿಕೊಡಲು ತಾವೇ ಬಗ್ಗಿ ಒಳಗೆ ಹೋದರು, ಹಲಗೆ ತುಳಿದರು. ಬಾಗಿಲು ದಢಾರನೆ ಬಿತ್ತು, ಸಿಕ್ಕಿಕೊಂಡಿತು. ಕಬ್ಬಿಣದ ಹಾರೆ ಜೀಪಿನಲ್ಲಿತ್ತು, ಜೀಪು ತಿಂಡಿ ತರಲು ಶ್ರೀರಾಂಪುರಕ್ಕೆ ಹೋಗಿತ್ತು. ಅಷ್ಟು ಹೊತ್ತೂ ಸಾಹೇಬರು ಒಳಗೆ, ಪಕ್ಕದ ಗೂಡಿನಲ್ಲಿ ಆಸೆಗೆ ಕಟ್ಟಿದ ಮೇಕೆ, ಹೊರಗೆ ನಾವು ತುಟಿ ಕಚ್ಚಿಕೊಂಡು. ಸಾಹೇಬರನ್ನು ಬಿಡಿಸಿ ಕಳಿಸಿದ ಮೇಲೆ ನಾನು ಸುತ್ತ ಒಂದು ಸಲ ನೋಡಿ ಬರೋಣ ಅಂತ ಕಳ್ಳಿಸಾಲಿನ ಹಿಂದೆ ಹೋದೆ. ಅಲ್ಲಿ ಮರಳಿನ ಮೇಲೆ ಚಿರತೆ ಮಲಗಿದ್ದ ಗುರುತು ಅಚ್ಚು ಹೊಡೆದಂತೆ ಇತ್ತು. ಬಾಲ ಆಡಿಸಿದ ಗೀರು ಕೂಡ ಇತ್ತು. ಮರಳು ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ನಾವು ನಗುತ್ತಿದ್ದಷ್ಟು ಹೊತ್ತೂ ಅದು ಅಲ್ಲೇ ಮಲಗಿ ನಮ್ಮನ್ನು ನೋಡುತ್ತಿತ್ತು.

ಆಮೇಲೆ ಕ್ಯಾಮೆರಾ ಬಂತು. ಮರಕ್ಕೆ ಕಟ್ಟಿಬಿಟ್ಟರೆ ಮುಂದೆ ಏನು ಹಾದುಹೋದರೂ ತಾನೇ ಫೋಟೋ ತೆಗೆಯುತ್ತದೆ. ಮಾರಿಕಣಿವೆ ಹಿನ್ನೀರಿನ ಪಕ್ಕದ ಕುರುಚಲಲ್ಲಿ ಮೊದಲ ಸಲ ಕಟ್ಟಿದೆವು. ವಾರ ಬಿಟ್ಟು ತೆಗೆದು ನೋಡಿದರೆ ನಾವೇ ಕಂಡೆವು, ಕ್ಯಾಮೆರಾ ಕಟ್ಟಿ ಸಾಲಾಗಿ ವಾಪಸು ಹೊರಟವರು. ಅದರ ಮುಂದಿನ ಫೋಟೋದಲ್ಲಿ ದಾರಿ ಖಾಲಿ. ಅದರ ಮುಂದಿನದರಲ್ಲಿ ಒಂದು ಕರಡಿ, ನಾವು ಹೋದ ದಾರಿಯಲ್ಲೇ, ತಲೆ ತಗ್ಗಿಸಿ ನಮ್ಮ ಹೆಜ್ಜೆ ಮೂಸುತ್ತ ಹೊರಟಿತ್ತು. ಸಾಲಿನ ಕೊನೆಯಲ್ಲಿ ನಡೆದವಳು ನಾನು. ಹಿಂದೆ ಒಂದು ಸಣ್ಣ ಸದ್ದೂ ಕೇಳಿರಲಿಲ್ಲ.

ಇದನ್ನೆಲ್ಲ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಆದರೆ ಅವರು ಕೇಳುವ ದೊಡ್ಡ ಬೇಟೆ ಇವೆರಡೂ ಅಲ್ಲ. ಅದು ನಡೆದದ್ದು ಬೂದಿಗುಡ್ಡದಲ್ಲಿ, ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮುಂಚೆ, ಮಹಾನವಮಿ ಮುಗಿದು ದೀಪಾವಳಿ ಇನ್ನೂ ಬರದ ದಿನಗಳಲ್ಲಿ.

ನಮ್ಮ ಕಡೆ ಆ ತಿಂಗಳು ಸೀತಾಫಲದ ಸುಗ್ಗಿ. ಗುಡ್ಡದ ಕಲ್ಲುಸಂದಿಯಲ್ಲೆಲ್ಲ ತಾನೇ ಬೆಳೆದ ಗಿಡಗಳು. ಹಟ್ಟಿಯ ಹೆಂಗಸರು ಬೆಳಿಗ್ಗೆ ಪುಟ್ಟಿ ಹಿಡಿದು ಗುಡ್ಡ ಹತ್ತುತ್ತಾರೆ, ಕಿತ್ತ ಕಾಯಿ ಹಣ್ಣು ಮಾಡಿ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಾರೆ. ಆ ಹಣ್ಣೆಂದರೆ ಕರಡಿಗೂ ಪ್ರಾಣ. ಆ ವರ್ಷ ಮಳೆ ಚೆನ್ನಾಗಿ ಬಂದು ಗಿಡಗಳು ಬಾಗಿ ನೆಲ ಮುಟ್ಟಿದ್ದವು.

ಮೊದಲು ಸಿಕ್ಕಿದವನು ಕುರಿ ಕಾಯುವ ಕರಿಯಣ್ಣ. ಮಂಡೆಯ ಚರ್ಮ ಕಿತ್ತು ಹಿಂದಕ್ಕೆ ಬಿದ್ದಿತ್ತು, ಒಂದು ಕಣ್ಣು ಹೋಯಿತು. ಆಸ್ಪತ್ರೆಯಲ್ಲಿ ಅವನ ಹೇಳಿಕೆ ತೆಗೆದುಕೊಳ್ಳಲು ಹೋದವಳು ನಾನು.

"ಕರಡಿ ಅಂತ ಗೊತ್ತಾಗ್ಲಿಲ್ಲ ಗಾರ್ಡಮ್ಮ," ಅಂದ. "ಯಾವ್ದೋ ಅಜ್ಜಿ ಕರಿ ಕಂಬಳಿ ಹೊದ್ಕಂಡು ಕಾಯಿ ಕೀಳ್ತಾ ಐತೆ ಅನ್ಕಂಡೆ. ಬೆನ್ನು ಬಾಗ್ಸಿತ್ತು. ಕುರಿ ಈ ಕಡೆ ಬಂದ್ವೇನವ್ವಾ ಅಂತ ಕೂಗ್ದೆ. ತಿರುಗ್ತು."

ಅಷ್ಟು ಹೇಳಿ ಗೋಡೆ ಕಡೆ ಮುಖ ಮಾಡಿಕೊಂಡ.

ಈ ಮಾತು ಹಟ್ಟಿಗೆ ಹೋಗಿ ಅಲ್ಲಿ ಬೇರೆ ರೂಪ ತಾಳಿತು. ಗುಡ್ಡದ ಮೇಲೆ ಕಂಬಳಿ ಹೊದ್ದ ಮುದುಕಿ ತಿರುಗುತ್ತಾಳೆ, ಕರೆದರೆ ತಿರುಗಿ ನೋಡುತ್ತಾಳೆ, ನೋಡಿದವರು ಉಳಿಯುವುದಿಲ್ಲ ಅಂತ ಮನೆಮನೆಯಲ್ಲಿ ಆಡಿಕೊಂಡರು. ನಾನು ಹಟ್ಟಿಯ ಕಟ್ಟೆಯ ಮೇಲೆ ಕುಂತು ತಿಳಿಸಿ ಹೇಳಿದೆ. "ಅದು ಕರಡಿ ಕಣ್ರವ್ವಾ. ಒಬ್ಬೊಬ್ರೇ ಹೋಗ್ಬ್ಯಾಡ್ರಿ. ಮಾತಾಡ್ಕಂತ, ತಟ್ಟೆ ಬಡ್ಕಂತ ಹೋಗ್ರಿ." ತಲೆ ಆಡಿಸಿದರು. ಆದರೆ ಮುದುಕಿಯ ಕಥೆ ಶುರುವಾದ ಮೇಲೆ ಗುಡ್ಡದಲ್ಲಿ ಯಾರೂ ದನಿ ಎತ್ತುತ್ತಲೇ ಇರಲಿಲ್ಲ. ಕೂಗಿದರೆ ಅವಳು ತಿರುಗುತ್ತಾಳಲ್ಲ. ಪಿಸುಪಿಸು ಮಾತಾಡುತ್ತ ಕಾಯಿ ಕೀಳುತ್ತಿದ್ದರು. ಕರಡಿಗೆ ಮನುಷ್ಯರು ಹತ್ತಿರ ಬಂದದ್ದು ತಿಳಿಯದೇ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ.

ವಾರದೊಳಗೆ ಗೌರಮ್ಮ ಕಾಣೆಯಾದಳು. ಅವಳ ಅಕ್ಕ ತಿಪ್ಪಕ್ಕ ಜೊತೆಗಿದ್ದಳು. ಇಬ್ಬರೂ ನಡುವಯಸ್ಸಿನವರು, ಒಂದೇ ಮನೆಗೆ ಸೊಸೆಯರಾಗಿ ಬಂದವರು. ನಾನು ಹೋದಾಗ ತಿಪ್ಪಕ್ಕ ಅಳುತ್ತಿರಲಿಲ್ಲ, ಪುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕುಂತಿದ್ದಳು.

"ನಾನು ಕೆಳಗಿನ ಗಿಡದಾಗಿದ್ದೆ," ಅಂದಳು. "ಗೌರಿ ಮೇಲಿದ್ಲು. ಅಕ್ಕಾ, ಅಲ್ಲಿ ಯಾರೋ ನಮ್ಮ ಕಾಯಿ ಕೀಳ್ತಾ ಕುಂತವ್ರೆ, ನೋಡ್ಕಂಡು ಬತ್ತೀನಿ ಅಂದ್ಲು. ಬಂಡೆ ಹಿಂದಕ್ಕೆ ಹೋದ್ಲು. ಅಷ್ಟೇ."

"ಕೂಗು ಕೇಳ್ಲಿಲ್ವಾ?"

"ಏನೂ ಇಲ್ಲ ಗಾರ್ಡಮ್ಮ. ಗಾಳಿ ಜೋರಿತ್ತು. ಗಾಳಿ ನಿಂತ ಮ್ಯಾಲೆ ಹೋಗಿ ನೋಡಿದ್ರೆ ಪುಟ್ಟಿ ಇಟ್ಟಂಗೇ ಐತೆ. ಒಂದು ಕಾಯೂ ಚೆಲ್ಲಿಲ್ಲ."

ಆ ಸಂಜೆ ಬೆಳಕು ಇರುವ ತನಕ ಹುಡುಕಿದೆವು. ರಕ್ತವಿಲ್ಲ, ಹರಿದ ಬಟ್ಟೆ ಇಲ್ಲ. ಬೂದಿಗುಡ್ಡ ಅಂದರೆ ಯಾರೋ ತಂದು ಸುರಿದಂತೆ ಬಂಡೆಯ ಮೇಲೆ ಬಂಡೆ. ಒಂದರ ಕೆಳಗೊಂದು ಗವಿ, ಗವಿಯೊಳಗೆ ಸಂದಿ. ಹೆಸರು ಕೂಗಿದರೆ ನಾಲ್ಕು ಕಡೆಯಿಂದ ನಮ್ಮ ದನಿಯೇ ತಿರುಗಿ ಬರುತ್ತಿತ್ತು, ಕೊನೆಗೆ ಬರುವ ದನಿ ನಮ್ಮದಲ್ಲವೇನೋ ಅನ್ನಿಸುತ್ತಿತ್ತು.

ಮಾರನೇ ದಿನ ಬಿಸಿಲು ಏರಿದ ಮೇಲೆ ವಾಚರ್ ಓಬಜ್ಜ ನನ್ನ ತೋಳು ಹಿಡಿದು ನಿಲ್ಲಿಸಿದರು. ಓಬಜ್ಜ ಆ ಹಟ್ಟಿಯವರೇ. ಹರೆಯದಲ್ಲಿ ಬೇಟೆಯಾಡಿದವರು, ಆಮೇಲೆ ಇಲಾಖೆಯಲ್ಲೇ ದಿನಗೂಲಿಗೆ ಸೇರಿಕೊಂಡವರು. ಬಾಯಿ ಮೇಲೆ ಬೆರಳಿಟ್ಟು ಮುಂದಿನ ಗವಿ ತೋರಿಸಿದರು.

ನಡುಮಧ್ಯಾಹ್ನ. ಹಕ್ಕಿ ಕೂಡ ಉಲಿಯುತ್ತಿರಲಿಲ್ಲ. ಬಂಡೆಯೊಳಗಿಂದ ಗುನುಗು ಬರುತ್ತಿತ್ತು. ಗುಂಯ್... ಗುಂಯ್... ಅಂತ, ತೊಟ್ಟಿಲ ಪಕ್ಕದಲ್ಲಿ ಕುಂತ ಮುದುಕಿ ಬಾಯಿ ಮುಚ್ಚಿಕೊಂಡೇ ಜೋಗುಳ ಹೇಳಿದ ಹಾಗೆ. ಒಂದು ಉಸಿರಿಗೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ಹುಲ್ಲಿನ ಬೆಂಕಿಗೆ ಸಿಕ್ಕಿದ್ದೇನೆ, ಮರ ಕಳ್ಳರ ಮಚ್ಚಿಗೆ ಎದುರಾಗಿದ್ದೇನೆ. ಆ ಬಿಸಿಲಲ್ಲಿ ಹೆದರಿದಂತೆ ಹಿಂದೆ ಎಂದೂ ಹೆದರಿರಲಿಲ್ಲ.

"ಕರಡಿ," ಅಂದರು ಓಬಜ್ಜ ಪಿಸುದನಿಯಲ್ಲಿ. "ಅಂಗೈ ಚೀಪ್ಕಂಡು ಮಲಗಿದ್ರೆ ಹಿಂಗೇ ಸದ್ದು ಮಾಡ್ತತೆ. ಆ ಹೆಣ್ಮಗಳು ಮುಗುದ್ಲು ಗಾರ್ಡಮ್ಮ. ಇನ್ನು ಹುಡುಕೋದು ಬ್ಯಾಡ."

ಹಿಂದೆ ತಿಪ್ಪಕ್ಕ ಬಂದು ನಿಂತದ್ದು ನಮಗೆ ಗೊತ್ತಿರಲಿಲ್ಲ.

"ಕರಡಿ ಅಲ್ಲ ಅಜ್ಜ," ಅಂದಳು. "ನಮ್ಮ ಗೌರಿ ಅದು. ರಾಗಿ ಬೀಸ್ವಾಗ ನಮ್ಮವ್ವ ಹಾಡ್ತಿದ್ದ ಪದ. ಕೆಲ್ಸ ಮಾಡ್ವಾಗ ಇವ್ಳು ಯಾವಾಗ್ಲೂ ಅದ್ನೇ ಗುನುಗೋದು."

ಅಷ್ಟರಲ್ಲಿ ಕೆಳಗೆ ಜನ ಸೇರಿತ್ತು. ಸುತ್ತಲ ಹಟ್ಟಿಗಳಿಂದ ಗಂಡಸರು ಕುಡುಗೋಲು, ದೊಣ್ಣೆ, ಹಳೇ ಟೈರು, ಸೀಮೆಎಣ್ಣೆ ಕ್ಯಾನು ತಂದಿದ್ದರು. ಗವಿಯ ಬಾಯಿಗೆ ಟೈರು ಹಚ್ಚಿ ಹೊಗೆ ಹಾಕುವುದು ಅವರ ತೀರ್ಮಾನ. ಒಳಗಿದ್ದದ್ದು ಹೊರಗೆ ಬರಬೇಕು, ಇಲ್ಲವೇ ಅಲ್ಲೇ ಸಾಯಬೇಕು. ನಮ್ಮ ರೇಂಜರ್ ಸಾಹೇಬರು ಚಿಕ್ಕ ವಯಸ್ಸಿನವರು, ಒಳ್ಳೆಯವರು, ಹಿಂದಿನ ದಿನದಿಂದ ನಿಂತೇ ಇದ್ದವರು. ನನ್ನನ್ನು ಪಕ್ಕಕ್ಕೆ ಕರೆದರು.

"ಗಿರಿಜಮ್ಮ, ಅರಿವಳಿಕೆ ಬಂದೂಕಿನ ಡಾಕ್ಟರು ಬರೋದು ಸಾಯಂಕಾಲ ಆಗುತ್ತಂತೆ. ಅಲ್ಲೀತನಕ ಈ ಜನಾನ ತಡೆಯೋಕೆ ನನ್ನಿಂದ ಆಗಲ್ಲ. ಆಕೆ ಬದುಕಿಲ್ಲ ಅಂತ ಓಬಜ್ಜನೇ ಹೇಳ್ತಿದಾರೆ. ಹೊಗೆ ಹಾಕ್ಲಿ ಅಂತ ಬಿಟ್ಬಿಡ್ಲಾ?"

"ಬದುಕಿದ್ರೆ ಸಾರ್?"

ಸಾಹೇಬರು ಕೆಳಗಿನ ಜನರ ಕಡೆ ನೋಡಿದರು. ಹಣೆ ಒರೆಸಿಕೊಂಡರು.

ನಾನು ಬಂಡೆಯ ಮೇಲೆ ನಿಂತು ಜನರ ಕಡೆ ಕೈಮುಗಿದೆ. "ಟೈರು ಹಚ್ಚಾಕೆ ಮುಂಚೆ ಒಂದು ಗಳಿಗೆ ಎಲ್ರೂ ಬಾಯಿ ಮುಚ್ಕಂಡು ನಿಲ್ರಪ್ಪಾ. ಫೋನೂ ಬಂದ್ ಮಾಡ್ರಿ. ಅಷ್ಟೇ ನಾನು ಕೇಳೋದು."

ಯಾರೋ ಗೊಣಗಿದರು, ಯಾರೋ ಅವರನ್ನು ಸುಮ್ಮನಿರಿಸಿದರು. ಗುಡ್ಡದ ತುಂಬ ಜನ, ಒಬ್ಬರ ಉಸಿರೂ ಕೇಳುವುದಿಲ್ಲ. ಬಂಡೆಯೊಳಗಿನ ಗುನುಗು ಆಗ ಎಲ್ಲರ ಕಿವಿಗೂ ಬಿತ್ತು. ಮುಂದೆ ನಿಂತಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಒಬ್ಬ ಕುಡುಗೋಲು ಕೆಳಗಿಟ್ಟು ಕೈಮುಗಿದ.

"ಹಾಡವ್ವಾ," ಅಂದೆ ತಿಪ್ಪಕ್ಕನಿಗೆ. "ಅರ್ಧಕ್ಕೆ ನಿಲ್ಸು."

ತಿಪ್ಪಕ್ಕ ಕಣ್ಣು ಮುಚ್ಚಿ ಗುನುಗಿದಳು. ಮಾತಿಲ್ಲದ ಬರೀ ಧಾಟಿ. ಒಂದು ಸುತ್ತು ಮುಗಿಸಿ ಎರಡನೇ ಸುತ್ತಿನಲ್ಲಿ, ದನಿ ಮೇಲಕ್ಕೆ ಏರಬೇಕಾದ ಜಾಗದಲ್ಲಿ ನಿಲ್ಲಿಸಿದಳು. ಗವಿಯ ಗುನುಗೂ ನಿಂತಿತು. ಏನೂ ಇಲ್ಲ. ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಆಗ ಧಾಟಿಯ ಉಳಿದರ್ಧ ಬಂತು. ಗವಿಯ ಬಾಯಿಂದ ಬರಲಿಲ್ಲ, ನಾವು ನಿಂತಿದ್ದ ಬಂಡೆಯ ಕೆಳಗಿಂದಲೇ ಬಂತು. ತೀರ ಸಣ್ಣಗೆ, ಒಣಗಿದ ಗಂಟಲಿನಲ್ಲಿ, ಆದರೆ ಏರಬೇಕಾದಲ್ಲಿ ಏರಿ, ಇಳಿಯಬೇಕಾದಲ್ಲಿ ಇಳಿದು ಪೂರ್ತಿಯಾಯಿತು. ಅದು ಮುಗಿಯುತ್ತಿದ್ದ ಹಾಗೆ ಅತ್ತ ಗವಿಯೊಳಗಿಂದ ಮೊದಲಿನ ದಪ್ಪ ಗುನುಗು ಮತ್ತೆ ಶುರುವಾಯಿತು, ಇದಕ್ಕೆ ಉತ್ತರ ಕೊಟ್ಟ ಹಾಗೆ.

ಓಬಜ್ಜ ತಲೆ ಮೇಲೆ ಕೈ ಹೊತ್ತು ಕುಂತುಬಿಟ್ಟರು. "ಎರಡು ಅವೆ ಗಾರ್ಡಮ್ಮ," ಅಂದರು. "ಒಳಗೆ ಎರಡು ಅವೆ."

ಜನ ಟೈರು ತಾವೇ ಕೆಳಗಿಳಿಸಿಕೊಂಡು ಹೋದರು. ಯಾರಿಗೂ ಹೇಳಬೇಕಾಗಲಿಲ್ಲ.

ಬಂಡೆಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ಹುಡುಕಿದಾಗ ಒಂದು ಸೀಳು ಸಿಕ್ಕಿತು. ಕನ್ನಡಿಯಿಂದ ಬಿಸಿಲು ಹಾಯಿಸಿದರೆ ಕೆಳಗೆ ಸೀರೆಯ ತುಂಡು, ಮಡಚಿಕೊಂಡ ಕಾಲು ಕಂಡಿತು. "ಗೌರಮ್ಮಾ" ಅಂದೆ. ಮಾತು ಬರಲಿಲ್ಲ, ಗುನುಗು ಬಂತು. ನೀರಿನ ಬಾಟಲಿಗೆ ದಾರ ಕಟ್ಟಿ ಇಳಿಸಿದೆವು. ಅದನ್ನು ಹಿಡಿದ ಕೈ ಕಂಡಿತು. ಆದರೆ ಆ ಸಂದಿಗೂ ಕರಡಿಯ ಗವಿಗೂ ನಡುವೆ ತೋಳು ತೂರುವಷ್ಟು ಕಂಡಿ ಇತ್ತು. ನಾವು ಹಗ್ಗ ಬಿಟ್ಟು ಗಲಾಟೆ ಮಾಡಿದರೆ ಕರಡಿ ರೇಗುತ್ತದೆ, ಅದರ ಉಗುರಿಗೆ ಮೊದಲು ಸಿಗುವುದು ಅವಳೇ. ಡಾಕ್ಟರು ಬರುವ ತನಕ ಕಾಯುವುದೊಂದೇ ದಾರಿ.

ಮಕ್ಕಳಿಗೆ ನಾನು ಹೇಳುವುದು ಈ ಕಾಯುವುದರ ಬಗ್ಗೆಯೇ. ಬಂದೂಕು ಹಿಡಿದ ಗಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚಿನ ಮಧ್ಯಾಹ್ನ ಮುಗಿಯುವುದಿಲ್ಲ. ಬಿಸಿಲಿನಲ್ಲಿ ಕುಂತು, ನಮ್ಮ ಕಾಲ ಕೆಳಗೆ ಒಂದು ಗುನುಗು, ಎದುರಿಗೆ ಒಂದು ಗುನುಗು, ಒಂದು ನಿಂತರೆ ಇನ್ನೊಂದು ಶುರುವಾಗುವುದನ್ನು ಕೇಳುತ್ತಿದ್ದೆವು. ಒಂದೊಂದು ಸಲ ಯಾವುದು ಹೆಣ್ಣಿನದು, ಯಾವುದು ಪ್ರಾಣಿಯದು ಅಂತ ನನಗೇ ತಿಳಿಯುತ್ತಿರಲಿಲ್ಲ. ತಿಪ್ಪಕ್ಕ ಸೀಳಿನ ಪಕ್ಕ ಕೆನ್ನೆ ಒತ್ತಿ ಮಲಗಿದವಳು ಏಳಲೇ ಇಲ್ಲ.

ಡಾಕ್ಟರು ಬಂದಾಗ ಬಿಸಿಲು ಕೆಂಪಗಾಗಿತ್ತು. ಗವಿಗೆ ಎದುರಾಗಿ ಬಂಡೆಯ ಮರೆಯಲ್ಲಿ ಕುಂತರು. ಕರಡಿ ಮೇಯಲು ಹೊರಡುವ ಹೊತ್ತು ಅದೇ, ಓಡಿಸುವುದು ಬೇಡ, ತಾನೇ ಬರಲಿ ಅಂದರು. ಕೆಳಗೆ ಜನವನ್ನು ದೂರ ಕಳಿಸಿದ್ದೆವು, ಉಳಿದವರು ಕಲ್ಲಿನ ಹಾಗೆ ಕುಂತಿದ್ದರು.

ಗವಿಯ ಕತ್ತಲು ಅಲ್ಲಾಡಿತು. ಹೊರಗೆ ಬಂದದ್ದು ಮೊದಲು ನಾಲ್ಕು ಕಾಲಿನ ಮೇಲಿತ್ತು. ನಮ್ಮ ವಾಸನೆ ಹತ್ತಿರಬೇಕು, ಎರಡು ಕಾಲಿನ ಮೇಲೆ ಎದ್ದು ನಿಂತು ಮೂಗೆತ್ತಿತು. ಬೆನ್ನು ಬಾಗಿತ್ತು, ಕೂದಲು ಜೋಲುಬಿದ್ದಿತ್ತು, ಮುಂಗೈ ಎರಡೂ ಎದೆಯ ಮುಂದೆ ಇಳಿಬಿದ್ದಿದ್ದವು. ಕರಿಯಣ್ಣ ಸುಳ್ಳು ಹೇಳಿರಲಿಲ್ಲ. ಹಿಂದಿನಿಂದ ಸಂಜೆಯ ಬೆಳಕು ಬಿದ್ದಾಗ, ಒಂದು ಉಸಿರಿನಷ್ಟು ಹೊತ್ತು, ಕಂಬಳಿ ಹೊದ್ದ ಮುದುಕಿಯನ್ನೇ ನಾನೂ ಕಂಡೆ. "ಅಜ್ಜಿ ಎಲ್ಲಿಗೆ ಹೊಂಟೆ" ಅಂತ ನಾಲಿಗೆಯ ತುದಿಗೆ ಬಂದಿತ್ತು.

ಚುಚ್ಚುಮದ್ದು ತೊಡೆಗೆ ಬಿತ್ತು. ಕರಡಿ ಒಮ್ಮೆ ಅಬ್ಬರಿಸಿ ಸುತ್ತಿತು, ನಾಲ್ಕು ಹೆಜ್ಜೆ ಓಡಿತು, ಸೀತಾಫಲದ ಗಿಡದ ಕೆಳಗೆ ದೊಪ್ಪನೆ ಕುಂತಿತು. ಹಲ್ಲು ಸವೆದ ಮುದಿ ಹೆಣ್ಣು ಕರಡಿ. ಅಂಗೈ ಬಾಯಲ್ಲಿಟ್ಟುಕೊಂಡು ಮತ್ತೆ ಗುನುಗತೊಡಗಿತು. ಗುಂಯ್... ಗುಂಯ್... ಆ ಸದ್ದು ತೆಳ್ಳಗಾಗುತ್ತ ಬಂತು. ತಲೆ ವಾಲಿತು. ಗುನುಗು ನಿಂತಿತು.

ಸಾಹೇಬರು ಉಸ್ಸೆಂದು ನಗಲು ಹೊರಟಿದ್ದರು. ಅದೇ ಹೊತ್ತಿಗೆ ಬಂಡೆಯ ಒಳಗಿಂದ ಚೀತ್ಕಾರ ಎದ್ದಿತು. ಎರಡು ದಿನದಲ್ಲಿ ಗೌರಮ್ಮ ಕೂಗಿದ್ದು ನಾವು ಕೇಳಿದ್ದು ಅದೊಂದೇ ಸಲ. ಅಪಾಯವೆಲ್ಲ ಕಳೆದ ಮೇಲೆ ಆ ಹೆಂಗಸು ಕೊರಳು ಹರಿಯುವ ಹಾಗೆ ಕಿರುಚಿದಳು, ಉಸಿರು ತೆಗೆದುಕೊಂಡು ಮತ್ತೆ ಕಿರುಚಿದಳು. ಬಲೆ ಹಿಡಿದು ಓಡುತ್ತಿದ್ದ ನಮ್ಮ ಹುಡುಗರು ಬಲೆ ಬಿಟ್ಟು ನಿಂತುಬಿಟ್ಟರು. ಒಳಗೆ ಇನ್ನೊಂದು ಐತೆ ಅಂತಲೇ ಎಲ್ಲರೂ ಅಂದುಕೊಂಡೆವು. ಓಬಜ್ಜ ಪಂಜು ಹಿಡಿದು ಗವಿಗೆ ಬಗ್ಗಿ ನೋಡಿ ಬಂದರು. ಏನೂ ಇರಲಿಲ್ಲ, ಬರೀ ಬೀಜ, ಸಿಪ್ಪೆ, ಕೂದಲು.

ಬೆಂಕಿ ನಂದಿಸುವ ದಳದವರು ಅದೇ ಸಂಜೆ ಸೀಳಿನ ಪಕ್ಕದ ಕಲ್ಲು ಸರಿಸಿ ಗೌರಮ್ಮನನ್ನು ಮೇಲೆತ್ತಿದರು. ಬಲಗಾಲು ಮುರಿದಿತ್ತು, ಹೆಗಲ ಮೇಲೆ ಉಗುರಿನ ಗೀರು ಇತ್ತು. ಸ್ಟ್ರೆಚರ್ ಮೇಲೆ ಮಲಗಿಸಿದಾಗ ಅವಳು ಅಕ್ಕನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕತ್ತು ಹೊರಳಿಸಿ ಗಿಡಗಂಟೆಗಳ ಬುಡ ಹುಡುಕುತ್ತಿದ್ದಳು. ಬೋನಿನಲ್ಲಿ ಮಲಗಿದ್ದ ಕರಡಿಯನ್ನು ಲಾರಿಗೆ ಏರಿಸಿ ದೂರದ ಕಾಡಿಗೆ ಕಳಿಸಿದೆವು. ಅದು ಕಣ್ಣು ಬಿಟ್ಟು ನಡೆದು ಹೋಯಿತು ಅಂತ ಡಾಕ್ಟರು ಫೋನು ಮಾಡಿ ಹೇಳಿದರು.

ಕೆಲವು ದಿನ ಬಿಟ್ಟು ಮಧ್ಯಾಹ್ನ ಚಿತ್ರದುರ್ಗದ ಆಸ್ಪತ್ರೆಗೆ ಹೋದೆ. ಕಾಲಿಗೆ ಕಟ್ಟು ಹಾಕಿದ್ದರು. ತಿಪ್ಪಕ್ಕ ಮಂಚದ ಪಕ್ಕ ನೆಲದ ಮೇಲೆ ಕುಂತು ಮೆಲ್ಲಗೆ ಆ ಧಾಟಿ ಗುನುಗುತ್ತಿದ್ದಳು. ನನ್ನನ್ನು ಕಂಡು ಕಣ್ಣಲ್ಲೇ "ಬರ್ರಿ, ಕುಂತ್ಕಳ್ರಿ" ಅಂದಳು, ಗುನುಗು ನಿಲ್ಲಿಸಲಿಲ್ಲ. ಗೌರಮ್ಮ ಎಚ್ಚರವಿದ್ದಳು.

"ಕರಡಿ ಕಂಡು ಓಡಿದೆ, ಕಾಲು ಜಾರಿ ಸಂದಿಗೆ ಬಿದ್ದೆ," ಅಂದಳು ನಾನು ಕೇಳಿದ್ದಕ್ಕೆ. "ಮೊದ್ಲು ಕೂಗ್ದೆ ಗಾರ್ಡಮ್ಮ. ಕೂಗಿದ್ರೆ ಕಂಡಿಯಾಗೆ ಕೈ ಹಾಕೋದು. ಸುಮ್ಕಾದೆ."

"ಮತ್ತೆ ಹಾಡಿದ್ದು ಯಾಕವ್ವಾ? ಅಕ್ಕಂಗೆ ಕೇಳ್ಲಿ ಅಂತನಾ?"

"ಅಕ್ಕ ಎಲ್ಲಿ ಜ್ಞಾಪಕ ಇತ್ತು." ಅವಳು ಸೂರು ನೋಡುತ್ತಿದ್ದಳು. "ಕತ್ತ್ಲೇಲಿ ಏನೂ ಕಾಣಲ್ಲ. ಅದು ಗುನುಗ್ತಿದ್ರೆ ಅಲ್ಲೇ ಮಲಗೈತೆ ಅಂತ ಗೊತ್ತಾಗೋದು. ನಿಲ್ಸಿದ್ರೆ ಎಲ್ಲೈತೋ, ಹತ್ರ ಬಂತೋ, ಗೊತ್ತಾಗ್ತಿರ್ಲಿಲ್ಲ. ನಾನು ಗುನುಗಿದ್ರೆ ಅದೂ ಶುರು ಮಾಡೋದು. ಅದಕ್ಕೆ ಬಿಡ್ಲೇ ಇಲ್ಲ. ನಿದ್ದೆ ಮಾಡ್ಲಿಲ್ಲ."

ಆ ಹೊತ್ತಿಗೆ ನರ್ಸ್ ಬಂದರು. ಪಕ್ಕದ ಮಂಚದವರು ದೂರು ಹೇಳಿದ್ದರಂತೆ. "ಏನಮ್ಮಾ ಇದು, ಹಗಲೂ ರಾತ್ರಿ ಗುಂಯ್‌ಗುಟ್ಟೋದು? ಸ್ವಲ್ಪ ಸುಮ್ನಿರಿ," ಅಂದು ಬಾಗಿಲ ತನಕ ಹೋಗಿ ನಿಂತರು. ತಿಪ್ಪಕ್ಕ ಹೆದರಿ ಬಾಯಿ ಮುಚ್ಚಿದಳು.

ವಾರ್ಡು ನಿಶ್ಶಬ್ದವಾಯಿತು. ಗೌರಮ್ಮನ ಕೈ ನನ್ನ ಮಣಿಕಟ್ಟು ಹಿಡಿಯಿತು. ಕಣ್ಣು ಮಂಚದ ಕೆಳಗೆ, ಬಾಗಿಲ ಮೂಲೆಗೆ, ಕಿಟಕಿಯ ಪರದೆಗೆ ಹರಿದಾಡಿತು.

"ನಿಲ್ಸ್ತು," ಅಂದಳು. "ಎಲ್ಲೈತೆ ಗಾರ್ಡಮ್ಮ ಅದು? ಎಲ್ಲೈತೆ?"

ನನಗೆ ಹಾಡು ಬರುವುದಿಲ್ಲ. ಆದರೂ ನರ್ಸ್ ನೋಡುತ್ತಿದ್ದಂತೆಯೇ ಬಾಯಿ ಮುಚ್ಚಿಕೊಂಡು, ಕೇಳಿದಷ್ಟು ನೆನಪಿಟ್ಟುಕೊಂಡು, ನಾನು ಗುನುಗಲು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು, ಅವಳು ಕಣ್ಣು ಮುಚ್ಚಿದಳು.